ನಲವತ್ತಮೂರು ಬೋಟುಗಳ ಗುಟ್ಟು

"ಅಮ್ಮಾ, ಬೂಬಜ್ಜ ಯಾಕೆ ಆ ಪೆಟ್ಟಿಗೆಗೆ ಕಿವಿ ಕೊಟ್ಟು ಕೂತಿದ್ದಾರೆ? ಅದಕ್ಕೆ ಹೊಟ್ಟೆನೋವಾ?"

ಐದು ವರ್ಷದ ಇಂಚರ ಹೀಗೆ ಕೇಳಿದಾಗ ಧೃತಿಯ ಕೈಯಲ್ಲಿ ಒದ್ದೆ ಬಟ್ಟೆಯ ಬಕೆಟ್ಟಿತ್ತು. ಜುಲೈ ತಿಂಗಳ ಮಳೆ. ಕಾಪುವಿನ ಕಡಲಿಗೆ ಕೂಗಳತೆಯಲ್ಲಿದ್ದ ಆ ಮನೆಯ ಮಹಡಿಗೆ ಅವಳ ಸಂಸಾರ ಬಾಡಿಗೆಗೆ ಬಂದದ್ದು ಮೇ ತಿಂಗಳಲ್ಲಿ. ಕೆಳಗೆ ಮನೆಯ ಯಜಮಾನರು, ಅರುವತ್ತೆಂಟರ ಬೂಬ, ಮತ್ತು ಅವರ ಹೆಂಡತಿ ಪುಷ್ಪಾವತಿ.

ಧೃತಿ ಬಗ್ಗಿ ನೋಡಿದಳು. ಬಾಗಿಲ ಪಕ್ಕದ ಮೇಜಿನ ಮೇಲೆ ಒಂದು ಕಪ್ಪು ಕಂಪ್ಯೂಟರ್ ಪೆಟ್ಟಿಗೆ. ಬೂಬ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ತಾಗಿಸಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ಕುಳಿತಿದ್ದರು.

"ಹೊಟ್ಟೆನೋವಲ್ಲ ಮಗಾ, ವಯಸ್ಸು" ಎಂದರು, ಕಣ್ಣು ತೆರೆಯದೆ.

ಒಣಮೀನು ಆರಿಸುತ್ತಿದ್ದ ಪುಷ್ಪಾವತಿ ತಲೆಯೆತ್ತಿದರು. "ಮದುವೆಯಾಗಿ ನಲವತ್ತು ವರ್ಷ ಆಯಿತು. ನನ್ನ ಎದೆಗೆ ಒಂದು ದಿನ ಕಿವಿ ಕೊಟ್ಟವರಲ್ಲ ಇವರು."

"ನಿನ್ನ ಶಬ್ದ ಮಲ್ಪೆಯವರೆಗೆ ಕೇಳ್ತದೆ ಮಾರಾಯ್ತಿ. ಕಿವಿ ಬೇರೆ ಕೊಡಬೇಕಾ?"

ಬಟ್ಟೆ ಒಣಹಾಕುವುದು ಅಲ್ಲಿಗೇ ನಿಂತಿತು. ಧೃತಿ ಮೆಟ್ಟಿಲ ಮೇಲೆ ಕುಳಿತು ಆ ಪೆಟ್ಟಿಗೆಯ ಕಥೆ ಕೇಳಿದಳು.

ಬೂಬ ಹದಿನಾಲ್ಕನೆಯ ವಯಸ್ಸಿಗೆ ಮಲ್ಪೆಯಲ್ಲಿ ಬೋಟು ಹತ್ತಿದವರು. ಮೂವತ್ತೆರಡು ವರ್ಷ ಎಂಜಿನ್ ಕೋಣೆಯಲ್ಲಿದ್ದವರು. ಯಾವ ಬೇರಿಂಗು ಇನ್ನೆಷ್ಟು ದಿನ ಬಾಳುತ್ತದೆ ಎಂಬುದನ್ನು ಇದೇ ಸ್ಕ್ರೂಡ್ರೈವರ್ ಹಿಡಿದು ಹೇಳುತ್ತಿದ್ದರಂತೆ. ಕಡಲಡಿಯ ಕಲ್ಲುಗಳು ಎಲ್ಲಿವೆ, ಮುಳುಗಿದ ಹಳೆಯ ದೋಣಿಗಳು ಎಲ್ಲಿವೆ, ಯಾವ ತಿಂಗಳು ಯಾವ ಜಾಗದಲ್ಲಿ ಮೀನು ಎಂಬುದೆಲ್ಲ ಪ್ರತಿ ಬೋಟಿನ ಜಿಪಿಎಸ್ ಯಂತ್ರದಲ್ಲಿ ಅಂಕಿಗಳಾಗಿ ಇರುತ್ತದೆ. ಒಂದೊಂದು ಗುರುತೂ ಬಲೆ ಹರಿದುಕೊಂಡು ಕಲಿತ ಪಾಠ. ಒಮ್ಮೆ ರತ್ನಾಗಿರಿಯ ಆಚೆ ಅವರ ಬೋಟಿನ ಯಂತ್ರಕ್ಕೆ ಉಪ್ಪುನೀರು ಹೊಕ್ಕು ಎಲ್ಲ ಅಳಿದುಹೋಯಿತು. ಹತ್ತು ವರ್ಷದಿಂದ ಗೊತ್ತಿದ್ದ ಕಲ್ಲಿಗೇ ಬಲೆ ಸಿಕ್ಕಿತು, ಬೋಟು ಒಂದು ಮಗ್ಗುಲಿಗೆ ವಾಲಿತು, ಪಕ್ಕದಲ್ಲಿ ನಿಂತಿದ್ದ ಜೊತೆಗಾರನ ಮೂರು ಬೆರಳನ್ನು ಹಗ್ಗ ಕೊಂಡೊಯ್ದಿತು.

"ಗೊತ್ತಿಲ್ಲದ ಕಲ್ಲಾದರೆ ಹಣೆಬರಹ. ಗೊತ್ತಿದ್ದ ಕಲ್ಲು ಅದು" ಎಂದರು ಬೂಬ.

ಮೊಣಕಾಲು ಸೋತು ದಡ ಸೇರಿದ ಮೇಲೆ ಅವರು ಮಣಿಪಾಲದ ಗುಜರಿ ಅಂಗಡಿಯಿಂದ ಹಳೆಯ ಕಂಪ್ಯೂಟರ್ ತಂದು, ಹಾಸ್ಟೆಲಿನ ಮಕ್ಕಳನ್ನು ಕೇಳಿ ಕೇಳಿ ಕಲಿತು, ಈ ಪೆಟ್ಟಿಗೆ ಕಟ್ಟಿದರು. ಮೊದಲು ಎರಡು ಬೋಟಿನ ಗುರುತುಗಳಿದ್ದವು, ಈಗ ನಲವತ್ತಮೂರರವು. ಗೋವಾದ ಹತ್ತಿರ ಯಾರ ಯಂತ್ರ ಕೆಟ್ಟರೂ ಫೋನಿನಲ್ಲಿ ಈ ಪೆಟ್ಟಿಗೆಯನ್ನು ಕೇಳಿದರೆ ಸಾಕು, ಗುರುತುಗಳು ಹೋಗುತ್ತವೆ. ಅದಕ್ಕಾಗಿ ಅದು ಆರುವುದೇ ಇಲ್ಲ. ಕರೆಂಟು ಹೋದರೆ ಬ್ಯಾಟರಿ ಉಂಟು.

ಧೃತಿಗೆ ಸೋಜಿಗವಾದದ್ದು ಬೇರೆ. ಮೀನಿನ ಜಾಗವನ್ನು ಅಣ್ಣ ತಮ್ಮನಿಗೂ ಹೇಳುವುದಿಲ್ಲ ಎನ್ನುವ ಊರು ಇದು. ಹಾಗಿರುವಾಗ ಒಬ್ಬರಿಗೊಬ್ಬರು ಎದುರಾಳಿಗಳಾದ ನಲವತ್ತಮೂರು ಮಂದಿ ಒಬ್ಬನೇ ಮುದುಕನ ಮೇಜಿನ ಮೇಲೆ ತಮ್ಮ ಗುಟ್ಟು ಇಟ್ಟು ನಿಶ್ಚಿಂತೆಯಿಂದ ನಿದ್ದೆಮಾಡುತ್ತಾರಲ್ಲ!

"ಪ್ರತಿಯೊಂದಕ್ಕೂ ಅವರವರ ಬೀಗದ ಮಾತು ಉಂಟು. ನನಗೂ ಗೊತ್ತಿಲ್ಲ, ಗೊತ್ತಾಗಲೂ ಬಾರದು" ಎಂದರು ಬೂಬ. ಆಮೇಲೆ ಪೆಟ್ಟಿಗೆಯೊಳಗೆ ಗುರುತುಗಳನ್ನು ಬರೆದಿಡುವ ಡಿಸ್ಕಿನ ಸಂಗತಿ ಹೇಳಿದರು. ಒಳಗೆ ತಿರುಗುವ ತಟ್ಟೆಯ ಮೇಲೆ ಓದುವ ಮುಳ್ಳು ತಾಗದೆ ಹಾರುತ್ತದೆ, ಕೊಕ್ಕು ಒದ್ದೆಯಾಗದ ಹಾಗೆ ಅಲೆಯ ಮೇಲೆ ಹಾರುವ ಕಡಲಹಕ್ಕಿಯಂತೆ. ನಡುವಿನ ಸಂದಿನಲ್ಲಿ ಒಂದು ಕೂದಲೂ ಹಿಡಿಸದು. "ಹಾಗೆ ಹಾರಲಿಕ್ಕೆ ಶುರುಮಾಡಿ ಅರುವತ್ತೊಂದು ಸಾವಿರ ಗಂಟೆ ಆಯಿತು. ಏಳು ವರ್ಷ. ಒಮ್ಮೆಯೂ ಕೂರಲಿಲ್ಲ, ಪಾಪ."

ಆ ಸಂಜೆಯೇ ಅದು ಕೂತುಬಿಟ್ಟಿತು.

ಬೂಬ ಗಾಬರಿಯಾಗಲಿಲ್ಲ. ಪೆಟ್ಟಿಗೆಯಲ್ಲಿ ಎರಡು ಡಿಸ್ಕು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುತ್ತದೆ. ಮರುದಿನ ಉಡುಪಿಯಿಂದ ಹೊಸದು ತಂದು ಜೋಡಿಸಿದರು. ಉಳಿದ ಹಳೆಯದು ತನ್ನಲ್ಲಿದ್ದದ್ದನ್ನು ಹೊಸದಕ್ಕೆ ಬರೆದುಕೊಡಲು ತೊಡಗಿತು. ಅರ್ಧದಲ್ಲಿ ಟಕ್ ಟಕ್ ಎಂದಿತು. ಅದೂ ನಿಂತಿತು.

"ಒಂದೇ ದಿನ, ಒಂದೇ ಅಂಗಡಿಯಿಂದ ತಂದ ಜೋಡಿ" ಎಂದರು ಬೂಬ, ಮೆಲ್ಲಗೆ. "ಅವಳಿ ಮಕ್ಕಳು. ಒಬ್ಬನಿಗೆ ಬಂದ ಮುಪ್ಪು ಇನ್ನೊಬ್ಬನಿಗೂ ಬಂದಿರ್ತದೆ ಅಂತ ನನಗೆ ಹೊಳೆಯಬೇಕಿತ್ತು."

ಅದೇ ಹೊತ್ತಿಗೆ ಮನೀಶ ಬಂದ. ಇಪ್ಪತ್ತೆಂಟರ ಅವನು ಈ ಸಲ ಮೊದಲ ಬಾರಿಗೆ ತಂದೆಯ ಬೋಟನ್ನು ತಾನೇ ನಡೆಸುವವನು. ತಂದೆಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು; ಬೀಗದ ಮಾತನ್ನು ಮಾತ್ರ ಮೊದಲೇ ಮಗನಿಗೆ ಹೇಳಿಟ್ಟಿದ್ದರು. ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿಯಲು ಇನ್ನು ಒಂಬತ್ತು ದಿನ. ದಡದಲ್ಲಿ ನಿಂತ ಬೋಟಿನ ಜಿಪಿಎಸ್ ಮಳೆನೀರಿಗೆ ಸುಟ್ಟುಹೋಗಿತ್ತು.

"ಅಪ್ಪನ ಗುರುತು ನಿಮ್ಮಲ್ಲಿ ಉಂಟಲ್ವಾ ಬೂಬಣ್ಣ?" ಎಂದು ಕೇಳಿದವನು ಅವರ ಮುಖ ನೋಡಿ ಜಗಲಿಯಲ್ಲೇ ನಿಂತ.

"ಉಂಟು. ಎಲ್ಲೂರಿನಲ್ಲಿ ಒಂದು ಪ್ರತಿ ಉಂಟು" ಎಂದರು ಬೂಬ. ಪ್ರತಿ ವರ್ಷ ಜೂನಿನಲ್ಲಿ ಬೋಟುಗಳು ದಡ ಸೇರಿದ ಕೂಡಲೇ ಅವರು ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ಬರೆದು ಎಲ್ಲೂರಿನಲ್ಲಿರುವ ತಂಗಿ ಚಂಪಾಳ ಮನೆಗೆ ಕೊಟ್ಟುಬರುತ್ತಿದ್ದರು. ಒಂದೇ ಮಾಡಿನ ಕೆಳಗೆ ಎಷ್ಟು ಪ್ರತಿ ಇದ್ದರೂ ಒಂದೇ ಲೆಕ್ಕ, ಎಂಬುದು ಅವರ ಮಾತು.

ಧೃತಿ ಕಾರು ತೆಗೆದಳು. ಇಂಚರಳಿಗೆ ರೈನ್‌ಕೋಟು ಹಾಕಿ, ಬಿಸ್ಕತ್ತಿನ ಡಬ್ಬಿ ಇಟ್ಟುಕೊಂಡು, ಬೂಬರನ್ನು ಮುಂದೆ ಕೂರಿಸಿ ಹೊರಟಳು.

ಚಂಪಾ ನಗುನಗುತ್ತಲೇ ಹೊರಬಂದರು. "ನಿಮ್ಮ ಸಾಮಾನು ಭದ್ರ ಉಂಟು ಅಣ್ಣಾ. ಈ ಮಳೆಗೆ ಕಪಾಟಿನ ಒಳಗೆಲ್ಲ ಬೂಷ್ಟು. ಹಾಳಾಗಬಾರದು ಅಂತ ಬೆಚ್ಚಗಿನ ಜಾಗದಲ್ಲಿ ಇಟ್ಟಿದ್ದೇನೆ."

ಬೆಚ್ಚಗಿನ ಜಾಗ ಎಂದರೆ ಬಚ್ಚಲೊಲೆಯ ಮೇಲಿನ ಅಟ್ಟ. ಕೆಳಗೆ ತೆಂಗಿನ ಸಿಪ್ಪೆ ಹೊಗೆಯಾಡುತ್ತಿತ್ತು. ಮೇಲೆ ಹುಣಸೆಹುಳಿ, ಕೊಬ್ಬರಿ, ಒಣಮೀನು. ಅವುಗಳ ನಡುವೆ, ಮಸಿ ಹಿಡಿದ ಪ್ಲಾಸ್ಟಿಕ್ ಚೀಲದಲ್ಲಿ ನಲವತ್ತಮೂರು ಬೋಟುಗಳ ಕಡಲು. ಮಳೆಗಾಲದಲ್ಲಿ ಉಳಿಯಬೇಕಾದ ಯಾವುದನ್ನೇ ಆಗಲಿ ಧೃತಿಯ ಅಮ್ಮನೂ ಅಲ್ಲಿಗೇ ಏರಿಸುತ್ತಿದ್ದರು.

ಬೂಬ ಚೀಲ ಇಳಿಸಿಕೊಂಡರು. ಬೆಚ್ಚಗಿತ್ತು. ತಂಗಿಯ ಮುಖ ಬಾಡುತ್ತಿರುವುದನ್ನು ಕಂಡು ಅಂದರು, "ನೀನು ಜೋಪಾನ ಮಾಡಿದ್ದೀ. ಶೆಕೆ ಆಗದು ಅಂತ ಹೇಳದೆ ಇದ್ದದ್ದು ನನ್ನ ತಪ್ಪು. ಚಾ ಇಡು, ಕುಡಿದೇ ಹೋಗುವ."

ವಾಪಸು ಬರುವಾಗ ಡಿಸ್ಕು ಅವರ ಮಡಿಲಲ್ಲಿತ್ತು. "ಹೊಂಡ ಉಂಟು, ಮೆಲ್ಲ" ಎನ್ನುತ್ತಿದ್ದರು, ಹೊಂಡ ಬಂದಾಗಲೆಲ್ಲ.

"ಅಜ್ಜಾ, ನಿಮ್ಮ ಕಂಪ್ಯೂಟರ್ ಒಣಮೀನಿನ ವಾಸನೆ ಬರ್ತದೆ" ಎಂದಳು ಹಿಂದಿನಿಂದ ಇಂಚರ.

"ಮೀನಿನವರ ಕಂಪ್ಯೂಟರ್ ಅಲ್ವಾ ಮಗಾ" ಎಂದರು ಬೂಬ.

ಮನೆಗೆ ಬಂದ ಮೇಲೆ ಮನೀಶ ಎಷ್ಟು ಚಡಪಡಿಸಿದರೂ ಅವರು ಆತುರಪಡಲಿಲ್ಲ. ಡಿಸ್ಕು ಪೂರ್ತಿ ತಣಿಯುವವರೆಗೆ ಬಿಟ್ಟರು. ಹಲ್ಲುಜ್ಜುವ ಹೊಸ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ವಯರು ಸಿಕ್ಕಿಸುವ ಬಾಯಿಯ ಮಸಿ ಒರೆಸಿದರು, ಮಗುವಿನ ಮೂಗು ಒರೆಸುವಷ್ಟು ಹಗುರವಾಗಿ. ಆಮೇಲೆ ಕರೆಂಟು ಕೊಟ್ಟರು.

ಒಂದು ಟಿಕ್. ಮೌನ. ಪುಷ್ಪಾವತಿಯೂ ಉಸಿರು ಬಿಗಿಹಿಡಿದಿದ್ದರು. ಮತ್ತೆ ಒಂದು ಟಿಕ್. ಆಮೇಲೆ ಎಲ್ಲೋ ದೂರದಲ್ಲಿ ಗಾಳಿ ಎದ್ದ ಹಾಗೆ ಒಂದು ಸುಯ್ಯೆಂಬ ಸದ್ದು ಹುಟ್ಟಿತು, ಏರಿತು, ಒಂದೇ ಶ್ರುತಿಯಲ್ಲಿ ನಿಂತಿತು. ಒಂದೂವರೆ ತಿಂಗಳು ಹೊಗೆ ಕುಡಿದ ಹಕ್ಕಿ ಮತ್ತೆ ಹಾರುತ್ತಿತ್ತು. ಕೂದಲೂ ಹಿಡಿಸದ ಆ ಸಂದಿನಲ್ಲಿ ಎಷ್ಟು ಮನೆಗಳ ಅನ್ನವಿತ್ತು!

ಮನೀಶ ಮುಂದೆ ಬಂದ. "ನೋಡುವಾ?"

"ಮೊದಲು ಪ್ರತಿ. ಆಮೇಲೆ ನೋಡುವುದು. ಎದ್ದು ಕೂತ ರೋಗಿಯನ್ನು ಓಡಿಸಲಿಕ್ಕೆ ಆಗುವುದಿಲ್ಲ."

ಪ್ರತಿಯಾಗಲು ಸಂಜೆಯವರೆಗೆ ಹಿಡಿಯಿತು. ಕೊನೆಗೆ ಬೂಬ ಕುರ್ಚಿ ಬಿಟ್ಟುಕೊಟ್ಟು ಕಿಟಕಿಯ ಬಳಿ ಹೋಗಿ, ಎಲ್ಲರಿಗೂ ಬೆನ್ನು ಹಾಕಿ ಕಡಲಿನ ಕಡೆ ಮುಖಮಾಡಿ ನಿಂತರು. ಧೃತಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ತಾವು ಉಳಿಸಿಕೊಟ್ಟದ್ದನ್ನೂ ಅವರು ನೋಡುವುದಿಲ್ಲ. ಅವಳೂ ಮಗಳ ಕೈ ಹಿಡಿದು ಆಚೆ ತಿರುಗಿದಳು. ಹಿಂದೆ ಮನೀಶ ಬೀಗದ ಮಾತು ಒತ್ತುವ ಸದ್ದು, ಆಮೇಲೆ ತುಸು ಒಡೆದ ದನಿ: "ಅಪ್ಪನ ಕಲ್ಲುಗಳು. ಎಲ್ಲವೂ ಉಂಟು ಬೂಬಣ್ಣ."

ಬೂಬ ಕಡಲು ನೋಡುತ್ತಲೇ ತಲೆಯಾಡಿಸಿದರು.

ಮರುದಿನ ಬೆಳಿಗ್ಗೆ ಅವರು ಮೊಣಕಾಲು ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಮಹಡಿಗೆ ಬಂದರು. ಕೈಯಲ್ಲಿ ಹತ್ತಿಬಟ್ಟೆಯಲ್ಲಿ ಸುತ್ತಿದ ಇನ್ನೊಂದು ಹೊಸ ಡಿಸ್ಕು. ಧೃತಿ ಕುರ್ಚಿ ಎಳೆದಳು, ಅವರು ಕೂರಲಿಲ್ಲ.

"ನೀನು ತಿಂಗಳಿಗೊಮ್ಮೆ ಕಾರ್ಕಳಕ್ಕೆ ತಾಯಿಮನೆಗೆ ಹೋಗ್ತೀ ಅಲ್ವಾ ಮಗಾ? ಅಲ್ಲಿ ಉಪ್ಪುಗಾಳಿ ಇಲ್ಲ, ಕಡಲು ಎಷ್ಟು ಉಕ್ಕಿದರೂ ಆ ಬಂಡೆಯ ಊರಿಗೆ ಏರುವುದಿಲ್ಲ. ಇದು ಎಲ್ಲದರ ಪ್ರತಿ, ಅಲ್ಲಿಡು. ಹೋದಾಗಲೆಲ್ಲ ಅರ್ಧ ಗಂಟೆ ಕರೆಂಟು ಕೊಟ್ಟು ತಿರುಗಿಸು, ಹೊಸದು ಬರೆಯಲಿಕ್ಕೆ ಇದ್ದರೆ ನಾನು ಹೇಳ್ತೇನೆ. ನಾಳೆ ನಾನು ಇಲ್ಲದ ಕಾಲಕ್ಕೆ ಯಾರಾದರೂ ಹುಡುಕಿಕೊಂಡು ಬಂದರೆ ಅವನದ್ದನ್ನು ಅವನಿಗೆ ಮಾತ್ರ ತೆಗೆದುಕೊಡು, ನೀನು ಆಚೆ ತಿರುಗಿ ನಿಲ್ಲು. ಇಷ್ಟು ಒಂದು ಉಪಕಾರ ಆಗಬೇಕಿತ್ತು."