ಹೊಳೆಯಲ್ಲಿ ಹೊರಬಿದ್ದ ಧ್ವನಿ

ಕಳೆದ ಸಂಕ್ರಾಂತಿಯ ದಿನ ಕುಣಿಗಲ್ ಬಳಿ ಶಿಂಷಾ ಹೊಳೆಯಲ್ಲಿ ಕಬ್ಬು ಜಗಿಯುತ್ತಾ ನಾವು ತೇಲುತ್ತಿದ್ದ ಬಾಳೆದಿಂಡಿನ ತೆಪ್ಪ ಬಿಚ್ಚಿಕೊಂಡಿತು. ಸೀನ ಮತ್ತಿಬ್ಬರು ಗೆಳೆಯರು ಈಜಿ ದಡ ಹತ್ತಿದರು. ಈಜು ಬಾರದ ನಾನು ಒಂದು ದಿಂಡು ತಬ್ಬಿಕೊಂಡು, "ಲೇ ಸೀನಾ, ಬಾರ್ಲಾ ಇಲ್ಲಿ!" ಎಂದು ಕಿರುಚಿದೆ. ಗಾಬರಿಗೆ ಹೊರಬಿದ್ದದ್ದು ನನ್ನ ಧ್ವನಿಯಲ್ಲ, ಅವನನ್ನು ಹೆದರಿಸಲೆಂದು ವಾರದಿಂದ ನಾನು ಗುಟ್ಟಾಗಿ ಅಣಕಿಸಿ ಕಲಿಯುತ್ತಿದ್ದ ಅವನಪ್ಪನ ಧ್ವನಿ! ಮನೆಗೆ ಹೇಳದೆ ಬಂದಿದ್ದ ಸೀನ ತಿರುಗಿಯೂ ನೋಡದೆ ಓಡಿದ. ಮಿಕ್ಕಿಬ್ಬರು ಅವನ ಹಿಂದೆ.

ಹಗ್ಗ ಎಸೆದು ನನ್ನನ್ನು ಎಳೆದುಹಾಕಿದ್ದು ತಿರುವಿನಾಚೆ ಎತ್ತು ತೊಳೆಯುತ್ತಿದ್ದ ಆ ಅಪ್ಪನೇ. "ನಾನಿಲ್ಲಿ ಎತ್ತು ತೊಳೀತಿದೀನಿ, ಅಲ್ಲಿ ನಾನೇ ಕಿರುಚ್ಕತಿದೀನಲ್ಲಾ ಅಂತ ಓಡ್ಬಂದೆ ಕಣ್ಲಾ!"

ಈಗಲೂ ಯಾರನ್ನು ಬೇಕಾದರೂ ಅಣಕಿಸುತ್ತೇನೆ, ಅವರೊಬ್ಬರನ್ನು ಬಿಟ್ಟು. ಮತ್ತೆ ಮುಳುಗಿದರೆ ಬೇಕಾದೀತೆಂದು ಆ ಧ್ವನಿಯನ್ನು ಎತ್ತಿಟ್ಟಿದ್ದೇನೆ.