ಹಗೇವಿನ ತಳದ ಬೆಳಕು

ಏಣಿಯ ಎರಡನೆಯ ಮೆಟ್ಟಿಲಿಗೆ ಕಾಲಿಟ್ಟಿದ್ದೆ. ಕೆಳಗೆ ಬೆಳಕು ಕಾಣುತ್ತಿತ್ತು.

ದೀಪ ಉರಿದರೆ ಗಾಳಿ ಇದೆ, ಗಾಳಿ ಇದ್ದರೆ ಜೀವ ಉಳಿಯುತ್ತದೆ... ನೆಲದಡಿಯ ಹಗೇವಿಗೆ ಇಳಿಯುವವರು ನಮ್ಮ ಕಡೆ ನೋಡುವುದು ಅದನ್ನೇ. ಆ ನಂಬಿಕೆಯೇ ಅವತ್ತು ನನ್ನನ್ನು ನುಂಗಲು ಬಾಯಿ ತೆರೆದು ಕೂತಿತ್ತು ಗೆಳೆಯರೆ!

ಪರದೆ ಸ್ವಲ್ಪ ಹಿಂದಿನಿಂದ ಎತ್ತುತ್ತೇನೆ.

ಮಾನ್ವಿ ತಾಲೂಕಿನ ಮಲ್ಲಟದಲ್ಲಿ ನನ್ನ ಅಕ್ಕ ಶರಣಮ್ಮನ ಪೇರಲ ತೋಟ. ಈ ಬೇಸಿಗೆ ಗಿಡಗಳು ಒಂದೊಂದೇ ಹಳದಿಯಾದವು. ಕೈ ಹಿಡಿದು ಅಲುಗಿಸಿದರೆ ಸಡಿಲ ಹಲ್ಲಿನಂತೆ ಆಡುತ್ತಿದ್ದವು.

ಅಗೆದು ನೋಡಿದರೆ ಬೇರೇ ಇಲ್ಲ. ಬೇರಿದ್ದ ಜಾಗದಲ್ಲಿ ದಪ್ಪ ಬಿಳಿ ಗೊಣ್ಣೆಹುಳುಗಳು ಸುರುಳಿ ಸುತ್ತಿ ಮಲಗಿದ್ದವು. ವಿಷ ಸುರಿದಾಯಿತು. ಎರೆಹುಳುಗಳು ಸತ್ತವು, ಇವು ಸಾಯಲಿಲ್ಲ.

"ಇದೊಂದು ಸಲ ನೋಡ್ತೀನಿ. ಆಗಲಿಲ್ಲಂದ್ರ ಜೆಸಿಬಿ ತರಿಸಿ ಎಲ್ಲಾ ಕಿತ್ತು ಒಗೀತೀನಿ" ಅಂದಳು ಅಕ್ಕ. ತಲೆಯ ಮೇಲೆ ಕೊಡ ಹೊತ್ತು ಆ ಗಿಡಗಳಿಗೆ ನೀರುಣಿಸಿದವಳು ಅವಳೇ.

ದೇವದುರ್ಗದ ಬಸಣ್ಣ ನನ್ನ ನಾಟಕದ ಗೆಳೆಯ. ಹುಳುಗಳನ್ನು ಕೊಲ್ಲುವ ಜಂತುಹುಳು ಸಾಕುತ್ತಾನೆ. ಕಣ್ಣಿಗೆ ಕಾಣದಷ್ಟು ಸಣ್ಣವು... ಮಣ್ಣಿನೊಳಗೆ ಗೊಣ್ಣೆಹುಳುವನ್ನು ಹುಡುಕಿ, ಮೈಯೊಳಗೆ ಹೊಕ್ಕು, ಒಳಗಿನಿಂದ ಕೊಂದು, ಆ ಹೆಣದಲ್ಲೇ ಸಂಸಾರ ಹೂಡುತ್ತವೆ. ಗಿಡಕ್ಕೂ ನಮಗೂ ಏನೂ ಮಾಡುವುದಿಲ್ಲ.

ಅವನು ಕೊಟ್ಟದ್ದು ಕೆಲವು ಪ್ಲಾಸ್ಟಿಕ್ ಡಬ್ಬಿ. ಒಳಗೆಲ್ಲ ಸತ್ತ ಹುಳುಗಳು, ಅವುಗಳ ಹೊಟ್ಟೆಯಲ್ಲಿ ಈ ಜಂತುಗಳ ಸೈನ್ಯ. ಬೇರಿನ ಬಳಿ ಹೂಳಬೇಕು.

"ಬಿಸಲು ತಾಕಿಸಬ್ಯಾಡ್ರಿ, ತಂಪಿನಾಗ ಇಡ್ರಿ. ಬೆಂದ್ರ ಮುಗೀತು, ಬರೇ ಹೆಣ ಹೂತಂಗ" ಅಂದಿದ್ದ.

ಬೇಸಿಗೆ. ರಾಯಚೂರು ಸೀಮೆ. ತಂಪು! ಕರೆಂಟ್ ಬಂದು ಹೋಗುವ ಊರಲ್ಲಿ ಫ್ರಿಜ್ ನಂಬಲಾದೀತೆ? ಆಗ ನೆನಪಾದದ್ದು ಅಕ್ಕನ ಮನೆಯ ಒಳಕೋಣೆಯ ಹಗೇವು. ಹಿಂದೆ ಜೋಳ ತುಂಬಿಡುತ್ತಿದ್ದ, ನೆಲದೊಳಗಿನ ಕಣಜ. ಎರಡಾಳು ಆಳ.

ಇಡೀ ದಿನ ಬಾಯಿ ತೆರೆದಿಟ್ಟು, ದೀಪ ಇಳಿಸಿ ನೋಡಿ, ನಾನೇ ಇಳಿದು ಡಬ್ಬಿಗಳ ಬುಟ್ಟಿ ಇಟ್ಟು ಬಂದೆ. ತಂಪಿಗೆಂದು ಸುತ್ತ ಒದ್ದೆ ಗೋಣಿಚೀಲ ಹಾಸಿದೆ. ಬೆಕ್ಕು ಬಿದ್ದೀತೆಂದು ಮೇಲೆ ಕಲ್ಲು ಮುಚ್ಚಿದೆವು.

ಕೆಲವು ದಿನ ಬಿಟ್ಟು, ತೋಟದ ಮಣ್ಣು ಹದವಾದ ಮೇಲೆ ಕಲ್ಲು ಸರಿಸಿದೆವು. ಮಟಮಟ ಮಧ್ಯಾಹ್ನ. ಆದರೆ ಕಿಟಕಿಯಿಲ್ಲದ ಕೋಣೆ, ಕರೆಂಟಿಲ್ಲ, ಬಿಸಿಗಾಳಿಗೆ ಬಾಗಿಲು ಬೇರೆ ಮುಚ್ಚಿತ್ತು. ಕಗ್ಗತ್ತಲು.

ಅಕ್ಕ ಹಗ್ಗಕ್ಕೆ ಚಿಮಣಿ ದೀಪ ಕಟ್ಟಿ ಇಳಿಸಿದಳು. ಏಣಿಯ ಮೆಟ್ಟಿಲೊಂದು ಸಡಿಲಾಗಿತ್ತು. ನಾನೂ ಪಕ್ಕದ ಮನೆಯ ಖಾಜಾಸಾಬನೂ ಕತ್ತಲಲ್ಲೇ ತಡವುತ್ತ ಅದನ್ನು ಬಿಗಿಯುವಷ್ಟರಲ್ಲಿ ಹೊತ್ತಾಯಿತು. ಅಕ್ಕ ಅಲ್ಲಿ ಕಟ್ಟು, ಇಲ್ಲಿ ಕಟ್ಟು ಎನ್ನುತ್ತ ನಮ್ಮ ಮೇಲೇ ಬಾಗಿದ್ದಳು. ದೀಪದ ಕಡೆ ಯಾರೂ ನೋಡಲಿಲ್ಲ.

ಏಣಿ ಇಳಿಬಿಟ್ಟು ಬಗ್ಗಿ ನೋಡಿದೆ. ಬೆಳಕಿತ್ತು, ಮಂಕಾಗಿ.

"ಎಲೈ ಪಾತಾಳವೇ, ದಾರಿ ಬಿಡು!" ಎಂದು ಗರ್ಜಿಸಿದೆ. ರಾಕ್ಷಸನ ಪಾತ್ರ ಮಾಡಿ ಬೆಳೆದ ಗಂಟಲು, ಸುಮ್ಮನಿರುತ್ತದೆಯೇ? ಆ ಧ್ವನಿ ಕೆಳಗೆ ಸುತ್ತಿ, ಬೇರೆ ಯಾರದೋ ಎಂಬಂತೆ ಮೇಲೆ ಬಂತು.

"ನಾಟಕ ಆಮ್ಯಾಲೆ ಮಾಡ್ರಿ, ಜಲ್ದಿ ಇಳೀರಿ" ಅಂದ ಖಾಜಾಸಾಬ.

"ದೀಪ ಯಾಕೋ ಮಂಕಾಗ್ಯಾದಲ್ಲೋ" ಅಂದಳು ಅಕ್ಕ.

"ಎಣ್ಣಿ ಕಮ್ಮಿ ಇರಬೇಕು ಬಿಡಕ್ಕ" ಎಂದು ಇಳಿಯತೊಡಗಿದೆ.

"ತಡಿ ಲೇ! ಪಂಚಿ ಜೋತಾಡಿ ನನ್ನ ಕೈಗೆ ತಾಕಾಕತ್ತದ. ಬೆಂಕಿ ಹತ್ತಿದ್ರ ಸುಟ್ಟ ಬದನಿಕಾಯಿ ಆಗ್ತಿ. ದೀಪ ಮ್ಯಾಲೆ ಎಳಕೋತೀನಿ."

ಹಗ್ಗ ನನ್ನ ಎದೆಯ ಪಕ್ಕದಲ್ಲೇ ಜಾರಿ ಮೇಲೆ ಹೋಯಿತು. ಅಕ್ಕ ದೀಪ ಹಿಡಿದಳು.

ಆರಿತ್ತು. ಖಾಜಾಸಾಬ ಬತ್ತಿ ಮುಟ್ಟಿ ನೋಡಿದ. ತಣ್ಣಗಿತ್ತು.

ನಾನು ಕೆಳಗೆ ನೋಡಿದೆ... ಬೆಳಕು ಅಲ್ಲೇ ಇತ್ತು!

ಅಕ್ಕನ ಕೈ ನನ್ನ ಅಂಗಿಯ ಕಾಲರ್ ಹಿಡಿಯಿತು. ಹೇಗೆ ಮೇಲೆ ಬಂದೆನೋ ನನಗೆ ನೆನಪಿಲ್ಲ.

ಮೊಬೈಲ್ ಟಾರ್ಚ್ ಹಾಕಿದೆ. ಬೆಳಕು ಮಾಯ! ಬುಟ್ಟಿ, ಡಬ್ಬಿ, ಸತ್ತ ಹುಳು, ಅಷ್ಟೇ. ಟಾರ್ಚ್ ಆರಿಸಿ ಉಸಿರು ಬಿಗಿಹಿಡಿದು ಕೂತೆವು. ಮೆಲ್ಲಗೆ, ಬಹಳ ಮೆಲ್ಲಗೆ, ಅದು ಮರಳಿ ಬಂತು. ನಾಟಕದಲ್ಲಿ ಪ್ರೇತದ ಪ್ರವೇಶಕ್ಕೆ ಹಸಿರು ಕಾಗದ ಹಚ್ಚಿ ಬಿಡುತ್ತಾರಲ್ಲ, ಆ ಬಣ್ಣ.

"ಶಿವ ಶಿವಾ..." ಅಂದಳು ಅಕ್ಕ.

ದೀಪ ಮತ್ತೆ ಹಚ್ಚಿ ಇಳಿಸಿದೆವು. ಈ ಸಲ ಮೂವರೂ ಕಣ್ಣು ಕೀಳಲಿಲ್ಲ. ಅರ್ಧ ದಾರಿಗೆ ಜ್ವಾಲೆ ಕುಗ್ಗಿತು. ಇನ್ನೊಂದಿಷ್ಟು ಇಳಿದದ್ದೇ, ಯಾರೋ ಬಾಯಿಂದ ಊದಿದಂತೆ ಆರಿತು. ನಾನೇ ಹಾಸಿದ ಗೋಣಿಚೀಲ ಕೊಳೆತು, ಮುಚ್ಚಿದ ಕಲ್ಲಿನ ಕೆಳಗೆ ಕೆಟ್ಟ ಗಾಳಿ ತುಂಬಿತ್ತು.

ಬಸಣ್ಣನಿಗೆ ಫೋನ್ ಮಾಡಿದೆ. "ಆ ಜಂತಿನ ಹೊಟ್ಟ್ಯಾಗ ಒಂದು ಸೂಕ್ಷ್ಮಾಣು ಇರ್ತದ್ರಿ. ಅದರಿಂದ ಹುಳು ಸತ್ತ ಮ್ಯಾಲೆ ಹೆಣಾನ ಕತ್ತಲಾಗ ಹೊಳೀತದ."

"ಮೊದಲ ಹೇಳಾಕ ಏನಾಗಿತ್ತಲೇ ನಿನಗ?"

"ನೀವು ಅವನ್ನ ಪಾತಾಳದಾಗ ಇಡ್ತೀರಂತ ನನಗೇನು ಕನಸು ಬಿದ್ದಿತ್ತೇನ್ರಿ! ಆ ಹವಾದಾಗ ಬದುಕ್ಯಾವೋ ಇಲ್ಲೋ... ಹೂತು ನೋಡ್ರಿ."

ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿ ಬಿಟ್ಟು ಬುಟ್ಟಿ ಎಳೆದೆವು. ಹೊತ್ತು ಇಳಿಯುವಾಗ ಒಂದೊಂದು ಬುಡಕ್ಕೂ ಹೂತೆವು. ಅಕ್ಕ ಬರಿಗೈಯಲ್ಲಿ ಮುಟ್ಟಲಿಲ್ಲ, ಎಲೆಯಲ್ಲಿ ಎತ್ತಿಟ್ಟಳು.

ಆಮೇಲೆ ಒಂದು ದಿನ ಅಗೆದು ನೋಡಿದೆವು. ಗೊಣ್ಣೆಹುಳು ಸುರುಳಿ ಸುತ್ತಿಯೇ ಇತ್ತು, ಆದರೆ ಸತ್ತಿತ್ತು; ಜಂತು ಹೊಕ್ಕ ಗುರುತಾಗಿ ಮೈಯೆಲ್ಲ ಇಟ್ಟಂಗಿ ಕೆಂಪು. ಮುಂದಿನ ಬುಡದಲ್ಲೂ ಹಾಗೆಯೇ. ಅದರ ಮುಂದೆಯೂ.

ಅಕ್ಕ ಕುಕ್ಕರುಗಾಲಲ್ಲಿ ಕೂತು, ಅಗೆದ ಮಣ್ಣನ್ನು ಮತ್ತೆ ಬುಡಕ್ಕೆ ಎಳೆದಳು. "ಜೆಸಿಬಿಯವಗ ಬರಬ್ಯಾಡ ಅಂತ ಹೇಳಿಬಿಡೋ ತಮ್ಮಾ" ಅಂದಳು.

ಈಗ ಗಿಡಗಳು ಚಿಗುರುತ್ತಿವೆ. ಆದರೆ ಮಬ್ಬಾದ ಮೇಲೆ ಅಕ್ಕ ತೋಟದೊಳಗೆ ಕಾಲಿಡುವುದಿಲ್ಲ. "ನೆಲದ ಬುಡಕ ಯಾರೋ ದೀಪ ಹಿಡಕೊಂಡು ಅಡ್ಡಾಡಿದಂಗ ಆಗ್ತದ" ಅನ್ನುತ್ತಾಳೆ. ನಾನು ನಗುವುದಿಲ್ಲ.

ರಾಯಚೂರಿನ ನಮ್ಮ ಮನೆಯಲ್ಲಿ ಕರೆಂಟ್ ಹೋದಾಗ ನನಗೂ ಆ ಹಸಿರು ಕಾಣುತ್ತದೆ... ಅಕ್ಕ ನನ್ನ ಪಂಚೆಯ ಚಿಂತೆ ಮಾಡದಿದ್ದರೆ, ಆ ಹಸಿರನ್ನೇ ದೀಪವೆಂದು ನಂಬಿ ಕೆಟ್ಟ ಗಾಳಿಯ ತಳದವರೆಗೂ ಇಳಿದುಬಿಡುತ್ತಿದ್ದೆ.

ಹೇಳಿ ಗೆಳೆಯರೆ, ಬೆಳಕು ಕಂಡಿತೆಂದು ಹೆಜ್ಜೆ ಇಟ್ಟು, ಅದು ದೀಪದ್ದಲ್ಲ ಎಂದು ಆಮೇಲೆ ತಿಳಿದದ್ದು ನಿಮ್ಮಲ್ಲಿ ಯಾರಿಗಾದರೂ ಉಂಟೆ?