ಆ ಮೂರನೆಯ ಪಟ್ಟಿ

ಬಸಣ್ಣ, ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಿನ್ನ ಸರ್ಕ್ಯೂಟ್ ತಾನಾಗಿ ಕೆಡಲಿಲ್ಲ. ನಾನು ಕೆಡಿಸಿದೆ. ಇಷ್ಟು ವರ್ಷ ಇದನ್ನು ನುಂಗಿಕೊಂಡು ಕೂತವನು ನಾನೇ — ನಿನ್ನ ಲ್ಯಾಬ್ ಜೊತೆಗಾರ.

ಕಲಬುರಗಿಯ ಪಾಲಿಟೆಕ್ನಿಕ್‌ನಲ್ಲಿ ನಮ್ಮಿಬ್ಬರದು ಒಂದೇ ಮೇಜು. ನಿನಗೆ ಕೆಂಪು, ಕೇಸರಿ ಎರಡೂ ಒಂದೇ ತರಹ ಕಾಣುತ್ತಿದ್ದವು. ಗೊತ್ತಾದರೆ ಕಾಲೇಜಿನಿಂದ ತೆಗೆದುಹಾಕಿಯಾರೆಂದು ನನಗೊಬ್ಬನಿಗೇ ಹೇಳಿದ್ದೆ. ರೆಸಿಸ್ಟರ್ ಎಷ್ಟು ಓಮ್‌ನದೆಂದು ತೋರಿಸುವ, ಅದರ ಮೇಲಿನ ಬಣ್ಣದ ಪಟ್ಟಿಗಳನ್ನು ನಾನು ಓದಿ ಹೇಳುವುದು, ಪಾಠ ನೀನು ಬಿಡಿಸಿ ಹೇಳುವುದು — ಇದು ನಮ್ಮ ಒಪ್ಪಂದ. ಆಪ್-ಆಂಪ್ ಎಂಬ ಐಸಿ ಸಣ್ಣ ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎನ್ನುವ ಗೇನ್ ಲೆಕ್ಕ ನನ್ನ ತಲೆಗೆ ಹತ್ತದಾಗ, ಸೇಡಂ ರಸ್ತೆಯ ಚಹಾದಂಗಡಿಯಲ್ಲಿ ನೀನು ಹೇಳಿದೆ: “ಐಸಿ ಒಳಗ ಬಲ ಬೇಕಾದಷ್ಟು ಅದಪಾ. ಅದಕ್ಕ ಲಗಾಮು ಹಾಕೋದು ಹೊರಗಿನ ಎರಡು ರೆಸಿಸ್ಟರ್. ಒಳಗ ಹೋಗೋ ಕಡೆ ಒಂದು ಕಿಲೋ-ಓಮ್‌ದು, ವಾಪಸ್ ಬರೋ ಕಡೆ ಹತ್ತು ಕಿಲೋದ್ದು ಹಾಕು — ಹತ್ತು ಪಟ್ಟು ಆಗ್ತದ.”

ನೀನು ತಿಳಿದುಕೊಂಡಿದ್ದೆ. ನಾನು ಉರು ಹೊಡೆದಿದ್ದೆ. ಆ ಹೊಟ್ಟೆಕಿಚ್ಚು...

ಮೊದಲ ಸ್ಥಾನ ಪಡೆದವನನ್ನು ಕಾಲೇಜಿನ ಲ್ಯಾಬ್‌ನಲ್ಲೇ ಕೆಲಸಕ್ಕೆ ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಪರೀಕ್ಷೆಯಲ್ಲಿ ನಿನಗೆ ಬಂದ ಪ್ರಶ್ನೆ ಅದೇ, ಹತ್ತು ಪಟ್ಟು ಗೇನ್. ಅಳೆಯುವ ಮೀಟರ್ ಪರೀಕ್ಷಕರ ಮೇಜಿನ ಮೇಲಿತ್ತು. ಕೇಳಿದರೆ ಕಣ್ಣಿನ ಗುಟ್ಟು ಬಯಲಾದೀತೆಂದು ನಿನಗೆ ಅಂಜಿಕೆ. ರೆಸಿಸ್ಟರ್ ಎತ್ತಿ ಹಿಡಿದು ನನ್ನತ್ತ ಪಿಸುಗುಟ್ಟಿದೆ: “ಮೂರನೇ ಪಟ್ಟಿ ಕೇಸರಿ ಅದ ಏನಲೇ?”

ಕೆಂಪಿತ್ತು. ಕೇಸರಿಯಾದರೆ ಹತ್ತು ಕಿಲೋದ್ದು, ಕೆಂಪಾದರೆ ಒಂದೇ ಕಿಲೋದ್ದು.

“ಹೂಂ, ಕೇಸರಿನೇ ಅದ,” ಎಂದೆ.

ಎಷ್ಟು ಕೊಟ್ಟರೆ ಅಷ್ಟೇ ಹೊರಬಂತು. ನೀನು ಐಸಿ ಬದಲಿಸಿದೆ, ವೈರು ಬದಲಿಸಿದೆ, ಬೆವರಿದೆ — ನನ್ನ ಮಾತೊಂದನ್ನು ಬಿಟ್ಟು ಎಲ್ಲವನ್ನೂ ಅನುಮಾನಿಸಿದೆ. ಫೇಲಾದೆ. ನಿಮ್ಮಪ್ಪ “ಸಾಕು, ನಡಿ” ಎಂದು ಕಮಲಾಪುರಕ್ಕೆ ಕರೆದೊಯ್ದರು. ಕೆಲಸ ನನಗೆ ಸಿಕ್ಕಿತು. ಹುಡುಗರಿಗೆ ಈಗಲೂ ಗೇನ್ ಹೇಳಿಕೊಡುತ್ತೇನೆ, ನಿನ್ನ ಮಾತಿನಲ್ಲೇ. ಲಗಾಮು ಅನ್ನುವಾಗ ಹುಡುಗರಿಗೆ ಬೆನ್ನು ಮಾಡಿ ಬೋರ್ಡಿನತ್ತ ತಿರುಗುತ್ತೇನೆ. ಇನ್ನು ತಾಳಲಾರೆ, ಬಸಣ್ಣ.

ಹೋದ ವಾರ ನಾನಿದ್ದ ಹುಮನಾಬಾದ್ ಬಸ್ಸು ಕಮಲಾಪುರದಲ್ಲಿ ನಿಂತಾಗ ಕೆಳಗಿಳಿದೆ — ಹಣ್ಣಿನ ಗಾಡಿಯ ಹಿಂದೆ ನೀನು! ಓಡಿಬಂದು ನೀನೇ ತಬ್ಬಿಕೊಂಡೆ. ನಿಮ್ಮೂರಿನ ಕೆಂಪು ಬಾಳೆಯ ಚಿಪ್ಪು ಎತ್ತಿ ಹಿಡಿದು ಕೇಳಿದೆ: “ಕೆಂಪು ಚಲೋ ಬಂದದ ಏನು, ನೋಡಿ ಹೇಳಲೇ. ಮಂದಿ ಸುಳ್ಳು ಹೇಳ್ತಾರ. ನೀ ಹೇಳಿದ್ರ ಖರೆ.”

“ಬಂದದ,” ಎಂದೆ. ಬಸ್ಸು ಹತ್ತಿಬಿಟ್ಟೆ.

ನಾಳೆ ಮತ್ತೆ ಬರುತ್ತೇನೆ. ನನ್ನನ್ನು ತಬ್ಬಿಕೊಳ್ಳಬೇಡ, ಹಣ್ಣು ಕೊಡಬೇಡ. ಮೊದಲು ಇದೊಂದು ಕೇಳು: ಆ ಪಟ್ಟಿ ಕೆಂಪಿತ್ತು. ನನಗೆ ಕಾಣುತ್ತಿತ್ತು.